ಅವ್ವ ತಿಕ್ಕಿದ ಹತ್ಯಾರಗಳು

ನಮ್ಮ ಮನೆಯಲ್ಲಿ ಹುಣಸೆಹಣ್ಣು ಸಾರಿಗಿಂತ ಕಬ್ಬಿಣಕ್ಕೇ ಹೆಚ್ಚು ಖರ್ಚಾಗುತ್ತಿತ್ತು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಹಳೆಯ ಬಂಗಲೆಯ ಹಿಂದೆ, ಯಾವುದೋ ಕಾಲದಲ್ಲಿ ದೊರೆಗಳ ಕುದುರೆ ನೋಡಿಕೊಳ್ಳುವವರು ಇದ್ದರೆನ್ನುವ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಕೋಣೆಗಳು ಇಕ್ಕಟ್ಟು, ಮುಂದಿನ ಪಡಸಾಲೆ ಮಾತ್ರ ಉದ್ದ. ಅದರ ಒಂದು ತುದಿಗೆ ಅವ್ವನ ಸ್ಟೋವು, ಡಬ್ಬಿಗಳು, ನೀರಿನ ಕೊಡ. ಇನ್ನೊಂದು ತುದಿಗೆ ಅಪ್ಪನ ಹತ್ಯಾರಗಳು. ಅಪ್ಪ ಮೊದಲು ಬಡಿಗತನ ಮಾಡುತ್ತಿದ್ದವನು. ದುಡಿಯುತ್ತಿದ್ದ ಅಂಗಡಿಗೆ ಕರೆಂಟಿನ ಯಂತ್ರಗಳು ಬಂದ ಮೇಲೆ ಅದನ್ನು ಬಿಟ್ಟು, ಗುಜರಿಯಿಂದ ತುಕ್ಕು ಹಿಡಿದ ಉಳಿ, ಮರ ಕೆತ್ತುವ ಬಾಚಿ, ಮರ ಹೆರೆಯುವ ರಂದಾ ಇವನ್ನೆಲ್ಲ ಆರಿಸಿ ತಂದು, ಕೆಲಸಕ್ಕೆ ಬರುವಂತೆ ಮಾಡಿ ಹಳ್ಳಿಯ ಬಡಿಗರಿಗೆ ಕೊಡತೊಡಗಿದ. ಆಗ ಗುಜರಿ ಅಂಗಡಿಗಳ ತುಂಬ ಹತ್ಯಾರಗಳೇ. ಗಣಿಯ ದುಡ್ಡು ಊರಿಗೆ ನುಗ್ಗಿದ ವರ್ಷಗಳು ಅವು. ನಿನ್ನೆಯವರೆಗೆ ಬಾಗಿಲು ಚೌಕಟ್ಟು ಮಾಡುತ್ತಿದ್ದವನು ಇವತ್ತು ಅದಿರಿನ ಲಾರಿಯ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದ. ಅಪ್ಪ ಗೋಣಿಚೀಲ ಸುರಿದಾಗ ಒಂದೊಂದು ಉಳಿಯನ್ನೂ ಎತ್ತಿ, "ಇದು ಯಾರ ಕೈಯಾಗಿತ್ತೋ ಏನೋ" ಅನ್ನುತ್ತಿದ್ದ.

ಪಡಸಾಲೆಯಲ್ಲಿ ಅಪ್ಪನ ಎಡಗಡೆಯ ಜಾಗ ನನ್ನದಾಗಿತ್ತು. ಸಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಅಲ್ಲಿ ಕೂರುತ್ತಿದ್ದೆ. ಹುಣಸೆಹುಳಿ ಕಲಸಿದ ನೀರಿನ ಬೋಗುಣಿಯಿಂದ ನೆನೆದ ಕಬ್ಬಿಣವನ್ನು ಎತ್ತಿ, ಇಟ್ಟಿಗೆ ಪುಡಿಯಲ್ಲಿ ತೆಂಗಿನ ನಾರು ಅದ್ದಿ ತಿಕ್ಕುವುದು ನನ್ನ ಕೆಲಸ. ತಿಕ್ಕುತ್ತ ತಿಕ್ಕುತ್ತ ಕೆಂಪು ಕೆಸರು ಇಳಿದು, ಕೆಳಗಿನಿಂದ ಬೂದುಬಣ್ಣದ ಉಕ್ಕು ಮುಖ ತೋರಿಸುತ್ತಿತ್ತು. ಅಪ್ಪ ಅದನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದು ನೋಡಿ, "ಶಾಬಾಷ್ ಮುನ್ನಿ" ಅನ್ನುತ್ತಿದ್ದ. ಆ ಕಾಲದ ಬಳ್ಳಾರಿಯಲ್ಲಿ ಒಬ್ಬರ ಮನೆ ನೋಡಿ ಒಬ್ಬರು ಉರಿಯುತ್ತಿದ್ದರು. ಪಾರ್ವತಿನಗರದಲ್ಲಿ ಚೆನ್ನಾಗಿದ್ದ ಮನೆಗಳನ್ನೇ ಕೆಡವಿ ಅರಮನೆಯಂಥವನ್ನು ಕಟ್ಟುತ್ತಿದ್ದರು. ನಮ್ಮ ಸಾಲೆಯ ಹುಡುಗಿಯರು ಇಂಥವರ ಮದುವೆಗೆ ಹೆಲಿಕಾಪ್ಟರ್ ಬಂತಂತೆ ಅಂತ ಮಾತಾಡಿಕೊಳ್ಳುತ್ತಿದ್ದರು. ನನಗೆ ಅದ್ಯಾವುದೂ ಬೇಕಿರಲಿಲ್ಲ. ಅಪ್ಪನ ಎಡಗಡೆ ಇತ್ತಲ್ಲ. ಅವ್ವನಿಗೂ ಊರಿನ ಆ ಉರಿ ತಟ್ಟಿರಲಿಲ್ಲ. ಬಂಗಲೆಯ ಮುಂದಿನ ಭಾಗದಲ್ಲಿದ್ದವರು ಹೊಸ ಕಾರು ತಂದು ನಿಲ್ಲಿಸಿದಾಗ ಅಕ್ಕಪಕ್ಕದ ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟರು. ಅವ್ವ ಮಾತ್ರ ಒಣಹಾಕಿದ್ದ ಬಟ್ಟೆಯ ಮೇಲಿನ ಕೆಂಪು ಧೂಳು ಕೊಡವುತ್ತ ಹೇಳಿದಳು:

"ಅವರ ಕಾರು ಅವರ ನೆಳ್ಳಾಗ ನಿಂತ್ರ ನಮ್ಮನಿಗೇನು ಬಿಸಿಲು ಹೆಚ್ಚಾಗ್ತೈತೇನು? ನಿಲ್ಲಲಿ ಬಿಡ್ರಿ."

ಹೀಗಿದ್ದ ಅವ್ವ ರಾಜಾಬಿ ಬಂದ ದಿನ ಬೇರೆಯೇ ಹೆಂಗಸಾದಳು. ರಾಜಾಬಿ ಅಪ್ಪನ ಸೋದರತ್ತೆಯ ಮಗಳು, ಸಿರುಗುಪ್ಪದವಳು. ಅಪ್ಪನಿಗೆ ಅವಳನ್ನೇ ತರಬೇಕೆಂದು ಹಿರಿಯರು ಮಾತಾಡಿ, ಆ ಮಾತು ಏಕೋ ಮುರಿದು, ಆಮೇಲೆ ಬಾದನಹಟ್ಟಿಯಿಂದ ನಮ್ಮವ್ವನನ್ನು ತಂದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ಯಾರೂ ಆಡುತ್ತಿರಲಿಲ್ಲ, ಅಷ್ಟೇ. ಆ ಮಧ್ಯಾಹ್ನ ಅವಳು ಸಿರುಗುಪ್ಪದ ಬಸ್ಸಿಳಿದು, ಒಂದು ಗೋಣಿಚೀಲವನ್ನು ತಲೆಯ ಮೇಲೂ ಅಕ್ಕಿಯ ಗಂಟೊಂದನ್ನು ಕಂಕುಳಲ್ಲೂ ಇಟ್ಟುಕೊಂಡು ನಮ್ಮ ಪಡಸಾಲೆಗೆ ಬಂದಳು. ಎತ್ತರದ ಹೆಂಗಸು, ಬೆವರಿನಿಂದ ಮುಖ ಹೊಳೆಯುತ್ತಿತ್ತು. ಚೀಲ ಸುರಿದರೆ ಅಪ್ಪ ಬೆರಗಾಗಿ ಕೂತುಬಿಟ್ಟ. ಎರಡು ರಂದಾ, ಅಗಲದವು ಕಿರಿದಾದವು ಎಂದು ಹಲವು ಉಳಿಗಳು, ಒಂದು ಬಾಚಿ. ಎಲ್ಲವೂ ತುಕ್ಕು ತಿಂದು ಒಂದಕ್ಕೊಂದು ಅಂಟಿಕೊಂಡಿದ್ದವು.

"ಇವು ನಮ್ಮಪ್ಪನವು, ಮಾವ," ಅಂದಳು ರಾಜಾಬಿ. "ಮದುವಿಯಾಗ ಅಳಿಯಗ ಕೊಟ್ಟಿದ್ದ. ಅಳಿಯ ಲಾರಿ ಹತ್ತಿ ಹೋದ. ಇವು ದನದ ಕೊಟ್ಟಿಗ್ಯಾಗ ಬಿದ್ದು ಹಿಂಗಾಗ್ಯಾವ. ನೀವು ಸುದ್ದ ಮಾಡಿಕೊಟ್ರ ನಾನೇ ಹಿಡೀತೀನಿ."

"ನೀನಾ? ಬಡಿಗಿ ಕೆಲಸಾನಾ?"

"ಅಪ್ಪನ ಬಾಜೂಕ ಕುಂತು ಕಲ್ತಾಕಿ ನಾನು. ರೊಟ್ಟಿ ಬಡಿಯೋ ಕೊಣಮಿಗಿ, ಕುಂದ್ರೋ ಮಣಿ, ತೊಟ್ಟಿಲು, ಎಲ್ಲಾ ಬರ್ತೈತಿ. ನಿಮಗ ಗೊತ್ತೈತಲ್ಲ."

ಆ 'ನಿಮಗ ಗೊತ್ತೈತಲ್ಲ' ಅನ್ನುವ ಮಾತು ಪಡಸಾಲೆಯ ಆಚೆ ತುದಿಗೆ ಹೋಗಿ ಅವ್ವನಿಗೆ ತಾಗಿದ್ದನ್ನು ನಾನು ನೋಡಿದೆ. ಸ್ಟೋವಿಗೆ ಗಾಳಿ ಹಾಕುತ್ತಿದ್ದ ಅವಳ ಕೈ ನಿಂತಿತು. ಚಹಾ ಬಂತು, ಆದರೆ ಅದರಲ್ಲಿ ಸಕ್ಕರೆ ಇರಲಿಲ್ಲ. ರಾಜಾಬಿ ಒಂದು ಗುಟುಕು ಕುಡಿದಳು, ಆಮೇಲೆ ಪೂರ್ತಿ ಕುಡಿದು ಮುಗಿಸಿ, ಲೋಟ ತೊಳೆದಿಟ್ಟಳು. ಅಪ್ಪ ನನ್ನ ಕಡೆ ತಿರುಗಿ, "ಚಿಕ್ಕವ್ವಗ ನಮಸ್ಕಾರ ಮಾಡಿದೇನು?" ಅಂದ. ಲೆಕ್ಕದ ಪ್ರಕಾರ ಅಪ್ಪ ಹೇಳಿದ್ದು ಸರಿ. ಅಪ್ಪ ಮದುವೆಯಾಗಬಹುದಾಗಿದ್ದ ಹೆಂಗಸು ಮಕ್ಕಳಿಗೆ ಚಿಕ್ಕವ್ವನೇ ಆಗಬೇಕು. ಆದರೆ ರಾಜಾಬಿ ಬಸ್ಸಿಗೆ ಹೋದ ಮೇಲೆ ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು.

"ಇನ್ನೊಮ್ಮಿ ಚಿಕ್ಕವ್ವ ಅಂದ್ರ ಬಾಯಾಗ ಖಾರ ಇಡ್ತೀನಿ. ಅತ್ತಿ ಅನ್ನು. ಅಪ್ಪನ ತಂಗಿ ಇದ್ದಂಗ ಆಕಿ. ಅತ್ತಿ!"

ಆವತ್ತಿನಿಂದ ನಮ್ಮ ಮನೆಯ ಊಟ ಕೆಟ್ಟಿತು. ರಾಜಾಬಿ ತಂದ ಅಕ್ಕಿ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆದ ಸಣ್ಣಕ್ಕಿ, ಗಂಟು ಬಿಚ್ಚಿದರೆ ಘಮ್ಮೆನ್ನುತ್ತಿತ್ತು. ಅವ್ವ ಆ ಗಂಟನ್ನು ಮುಟ್ಟಲಿಲ್ಲ. ಹೊತ್ತು ಹೊತ್ತಿಗೂ ಜೋಳದ ರೊಟ್ಟಿ, ಪುಂಡಿಪಲ್ಲೆ. ಪುಂಡಿಪಲ್ಲೆ, ಜೋಳದ ರೊಟ್ಟಿ. ಒಂದು ದಿನ ಅಪ್ಪ ತಡೆಯಲಾರದೆ, "ಮನಿಯಾಗ ಅಕ್ಕಿ ಐತಲ್ಲ, ಒಂದಿನ ಅನ್ನ ಮಾಡಬಾರ್ದೇನು?" ಅಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು:

"ಅನ್ನ ಬೇಕಾದೋರು ಸಿರುಗುಪ್ಪಕ್ಕ ಹೋಗಬೇಕು. ಬಸ್ಸು ಸಂಜಿತನಾ ಅದಾವ."

ಅಪ್ಪ ನಕ್ಕ. ಅದೇ ತಪ್ಪಾಯಿತು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಇತ್ತ ರಾಜಾಬಿ ವಾರಕ್ಕೊಮ್ಮೆ ಬರುತ್ತಲೇ ಇದ್ದಳು. ಕೆಲಸ ಎಲ್ಲಿಗೆ ಬಂತು ನೋಡುವುದು, ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಉಳಿಯನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ಇಡುವುದು. ಅಪ್ಪ ಆ ಹತ್ಯಾರಗಳ ವಿಷಯದಲ್ಲಿ ನಿಧಾನವಾಗಿದ್ದದ್ದು ನಿಜ. ಅಂಥ ಉಕ್ಕು ಈಗ ಸಿಗುವುದಿಲ್ಲ, ಅವಸರ ಮಾಡಿದರೆ ಕೆಡುತ್ತದೆ ಅಂತ ಅವನು. ಆ ನಿಧಾನಕ್ಕೆ ಅವ್ವ ಬೇರೆ ಅರ್ಥ ಹಚ್ಚಿದಳು.

ಒಂದು ಬೆಳಿಗ್ಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಡಸಾಲೆಯ ಈ ತುದಿಗೆ ಬಂದಳು. ನಾನು ಅಪ್ಪನ ಎಡಗಡೆ ಕೂತಿದ್ದೆ.

"ಏಳು. ಓದಕೋ ಹೋಗು."

"ನಾ ತಿಕ್ಕಾಕತ್ತೀನಿ, ಅವ್ವ."

"ನಾ ತಿಕ್ತೀನಿ. ಏಳು ಅಂದೆ." ಆಮೇಲೆ ಅಪ್ಪನಿಗೆ: "ರಾಜಾಬಿ ಹತ್ಯಾರ ಯಾವುವು? ಅವಷ್ಟೇ ಈ ಕಡೆ ಕೊಡ್ರಿ. ನೀವು ಅವಕ್ಕ ಕೈ ಹಚ್ಚಬ್ಯಾಡ್ರಿ. ಹೆಂಗ ಮಾಡೋದು ಬಾಯಾಗ ಹೇಳ್ರಿ, ಸಾಕು. ಎಷ್ಟು ಬೇಗ ಮುಗೀತೈತಿ, ಅಷ್ಟು ಬೇಗ ಆಕಿ ತಗೊಂಡು ಹೋಗ್ತಾಳ."

ಅಪ್ಪ ಕಕ್ಕಾಬಿಕ್ಕಿಯಾಗಿ ಸರಿದು ಕೂತ. ನಾನು ಎದ್ದೆ. ಕೋಣೆಯ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತೆನೇ ಹೊರತು ಒಂದಕ್ಷರ ಓದಲಿಲ್ಲ. ನನ್ನ ಜಾಗದಲ್ಲಿ ಅವ್ವ ಕೂತಿದ್ದಳು. ನನ್ನ ತೆಂಗಿನ ನಾರು ಅವಳ ಕೈಯಲ್ಲಿತ್ತು. ಪಾತ್ರೆ ತಿಕ್ಕಿ ತಿಕ್ಕಿ ಪಳಗಿದ ಕೈ ಅದು. ನಾನು ಅರ್ಧ ದಿನ ಒದ್ದಾಡುತ್ತಿದ್ದ ತುಕ್ಕು ಅವಳ ಕೈಗೆ ಬಲುಬೇಗ ಬಿಟ್ಟುಕೊಡುತ್ತಿತ್ತು. ಅಪ್ಪ ಅದನ್ನು ನೋಡಿ "ಆಹಾ" ಅಂದ. ನನಗೆ ಅವನು ಎಂದೂ "ಆಹಾ" ಅಂದಿರಲಿಲ್ಲ. "ಶಾಬಾಷ್" ಅನ್ನುವುದು ಮಕ್ಕಳಿಗೆ. ಆ ವ್ಯತ್ಯಾಸ ನನಗೆ ಆವತ್ತು ತಿಳಿಯಿತು.

ಅವ್ವ ಮೊದಲ ವಾರದಲ್ಲೇ ಒಂದು ಉಳಿ ಕೆಡಿಸಿದಳು. ತೊಳೆದ ಉಳಿ ಬೇಗ ಒಣಗಲಿ ಅಂತ ಸ್ಟೋವಿನ ಉರಿಗೆ ಹಿಡಿದಿದ್ದಾಳೆ, ಬಾಯಿಯ ಅಂಚು ನವಿಲಿನ ಕತ್ತಿನ ಹಾಗೆ ನೀಲಿ ತಿರುಗಿತು. ಅಪ್ಪ ಅದನ್ನು ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡ. ನೀಲಿ ಬಂತೆಂದರೆ ಉಕ್ಕಿನ ಹದ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಹೊಸ್ತಿಲ ಮೇಲೆ ಕೂತಿದ್ದ ನನಗೆ ಹಬ್ಬ. ಈಗ ಅಪ್ಪ ಅವಳನ್ನು ಎಬ್ಬಿಸುತ್ತಾನೆ, ನನ್ನನ್ನು ಕರೆಯುತ್ತಾನೆ ಅಂತ ಕಾದೆ. ಅಪ್ಪ ಬೈಯಲಿಲ್ಲ. ಅವ್ವನ ಕಣ್ಣಲ್ಲಿ ನೀರು ಬಂದದ್ದು ನೋಡಿ, "ಹೊನ್ನೂರಬಿ, ನಡಿ, ಕುಲುಮಿಗೆ ಹೋಗಿಬರೋಣು. ಹದ ಮತ್ತ ಕೂಡಸಾಕ ಬರ್ತೈತಿ" ಅಂದ. ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಅಷ್ಟು ದಿನದಲ್ಲಿ ಕೇಳಿಯೇ ಇರಲಿಲ್ಲ. ಇಬ್ಬರೂ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ತಿರುಗಿ ಬರುವಾಗ ಅವ್ವ ಕುಲುಮೆಯ ಮಸಿ ಮೂಗಿಗೆ ಹತ್ತಿಸಿಕೊಂಡು ನಗುತ್ತಿದ್ದಳು. ಕೆಂಡದಂಥ ಉಕ್ಕನ್ನು ಎಣ್ಣೆಗೆ ಅದ್ದಿದಾಗ ಅದು ಹೇಗೆ ಕೂಗಿತು ಅಂತ ಅವಳು, ಅವಳು ಹೇಗೆ ಹಿಂದಕ್ಕೆ ಹಾರಿದಳು ಅಂತ ಅವನು. ಕುಲುಮೆಗೆ ನನ್ನನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಆ ಸಂಜೆ ನಾನು ಉಣ್ಣಲಿಲ್ಲ. ಯಾಕೆಂದು ಇಬ್ಬರೂ ಎರಡನೆಯ ಸಲ ಕೇಳಲಿಲ್ಲ, ಅವರ ಮಾತೇ ಮುಗಿದಿರಲಿಲ್ಲ.

ನನ್ನ ಜಾಗ ನನಗೆ ತಿರುಗಿ ಬರಬೇಕಾದರೆ ಅವ್ವ ಅಲ್ಲಿಂದ ಏಳಬೇಕು. ಅವಳನ್ನು ಎಬ್ಬಿಸುವ ಶಕ್ತಿ ಇದ್ದದ್ದು ರಾಜಾಬಿಗೊಬ್ಬಳಿಗೇ ಅಂತ ನನ್ನ ಲೆಕ್ಕ. ಮುಂದಿನ ಸಲ ಅವಳು ಬಂದಾಗ, ಬಸ್ಸಿಗೆ ಬಿಟ್ಟುಬರುತ್ತೇನೆಂದು ಅವಳ ಜೊತೆ ಹೊರಟು, ಬೇವಿನ ಮರಗಳ ರಸ್ತೆಯಲ್ಲಿ ಎಲ್ಲವನ್ನೂ ಹೇಳಿದೆ.

"ಅತ್ತಿ, ನಿಮ್ಮನ್ನ ಕಂಡ್ರ ಅವ್ವಗ ಆಗಂಗಿಲ್ಲ. ನೀವು ಬರೋದು ತಪ್ಪಲಿ ಅಂತಾನೇ ನಿಮ್ಮ ಹತ್ಯಾರ ಗಡಾಗಡಾ ತಿಕ್ಕಾಕತ್ಯಾಳ. ಅಪ್ಪಗ ಮುಟ್ಟಾಕ ಬಿಡವಲ್ಲಳು."

ರಾಜಾಬಿ ಸಿಟ್ಟಾಗುತ್ತಾಳೆ, ತಿರುಗಿ ಹೋಗಿ ಜಗಳ ತೆಗೆಯುತ್ತಾಳೆ ಅಂದುಕೊಂಡಿದ್ದೆ. ಅವಳು ನಡೆಯುತ್ತಲೇ ಇದ್ದಳು.

"ಗೊತ್ತೈತವ್ವ. ಮೊದಲ್ನೇ ದಿನದ ಚಹಾದಾಗೇ ಗೊತ್ತಾತು." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: "ನಿಮ್ಮವ್ವನ್ನ ಕಂಡ್ರ ನನಗೂ ಹೊಟ್ಟಿ ಉರೀತೈತಿ, ಸುಳ್ಳು ಯಾಕ ಹೇಳ್ಲಿ. ನಿಮ್ಮಪ್ಪನ ಸಲುವಾಗಿ ಅಲ್ಲ. ಸಂಜಿಕ ಒಬ್ಬ ಗಂಡಸು ಮನಿಗೆ ಬರ್ತಾನ, ಉಣ್ಣಾಕ ಕುಂತು 'ಉಪ್ಪು ಕಡಿಮಿ ಆಗೈತಿ' ಅಂತಾನ. ನಮ್ಮನಿಯಾಗ ಉಪ್ಪು ಹೆಚ್ಚಾತೋ ಕಡಿಮಿ ಆತೋ ಹೇಳೋರು ಯಾರದಾರ?"

ಬಸ್ಸು ಬಂತು. ಹತ್ತುವಾಗ ಅವಳು ನನ್ನ ಗಲ್ಲ ಸವರಿ ಹೋದಳು. ನನಗೆ ಇನ್ನಷ್ಟು ಸಿಟ್ಟು ಬಂತು. ಜಗಳ ಆಡಬೇಕಾದವಳು ನನಗೇ ಅಳು ಬರುವ ಹಾಗೆ ಮಾಡಿದಳಲ್ಲ ಅಂತ.

ಹತ್ಯಾರಗಳು ಮುಗಿಯುತ್ತ ಬಂದಾಗ ರಾಜಾಬಿಯ ಗಂಡ ಮೌಲಾ ಬಂದ. ಮಧ್ಯಾಹ್ನ, ನಾವು ಉಂಡು ಎದ್ದಿದ್ದೆವು. ಬಂಗಲೆಯ ಗೇಟಿನ ಹೊರಗೆ ಅದಿರಿನ ಲಾರಿಯೊಂದು ಗುರುಗುಟ್ಟುತ್ತ ನಿಂತಿತು. ಒಳಗೆ ಬಂದವನ ಹುಬ್ಬು, ಮೀಸೆ, ಅಂಗಿ ಎಲ್ಲ ಕೆಂಪು. ಕಣ್ಣಿನ ಬಿಳಿಯೊಂದೇ ಬೇರೆ ಬಣ್ಣ. ಅವನು ಕೂರಲಿಲ್ಲ.

"ಖಾಸಿಮಣ್ಣ, ನನ್ನ ಹತ್ಯಾರ ಕೊಟ್ಟುಬಿಡು."

"ಕೊಡೋಣಂತ ಮೌಲಾ. ಕುಂದ್ರು ಮೊದಲು. ರಾಜಾಬಿ ತಂದಿಟ್ಟಾಳ, ಆಕಿ—"

"ಆಕಿ ವಾರ ವಾರ ಬಳ್ಳಾರಿಗೆ ಬರ್ತಾಳಂತ ಊರಾಗ ನನ್ನ ಮುಂದ ಹೇಳಿ ನಗ್ತಾರ. ನಾಕು ಉಳಿ ತಿಕ್ಕಾಕ ಎಷ್ಟು ದಿನ ಬೇಕಣ್ಣ? ಆಕೀನ ಮೊದಲು ಯಾರಿಗೆ ಕೇಳಿದ್ರು ಅನ್ನೋದು ನನಗೇನು ಗೊತ್ತಿಲ್ಲೇನು? ಕೊಡು. ಗುಜರಿಗೆ ಹಾಕಿ ಹೋಗ್ತೀನಿ. ಹತ್ಯಾರ ಇಲ್ಲಂದ್ರ ಬರೋದೂ ಇಲ್ಲ."

ಅಪ್ಪ ನ್ಯಾಯದ ಮನುಷ್ಯ, ಅದೇ ಅವನ ಕಷ್ಟ. ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಹತ್ಯಾರ ಅಳಿಯನದೇ ಅಲ್ಲವೇ ಅಂತ ಅವನು ಯೋಚಿಸುತ್ತಿರುವುದು ಕಾಣುತ್ತಿತ್ತು. ಅವನ ಕೈ ಉಳಿಗಳ ಕಡೆ ಹೋಯಿತು. ಅಷ್ಟರಲ್ಲಿ ಅವ್ವ ಬಂದು ನಡುವೆ ನಿಂತಳು. ಅವಳು ಬಯಸಿದ್ದೂ ಅದೇ ಅಲ್ಲವೇ? ರಾಜಾಬಿ ಇನ್ನು ಬರಬಾರದು. ಮೌಲಾ ಕೇಳುತ್ತಿದ್ದದ್ದೂ ಅದೇ. ಸುಮ್ಮನೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು.

"ಈ ಹತ್ಯಾರಕ್ಕ ಇವರು ಕೈ ಹಚ್ಚಿಲ್ಲ," ಅಂದಳು ಅವ್ವ. "ಹಚ್ಚಾಕ ನಾ ಬಿಟ್ಟಿಲ್ಲ. ಯಾಕ ಬಿಟ್ಟಿಲ್ಲ ಅಂತ ನಿಮಗ ಬಿಡಿಸಿ ಹೇಳಬೇಕೇನು? ನಿಮಗ ಉರದಂಗ ನನಗೂ ಉರೀತು. ನೀವು ಲಾರಿ ತಗೊಂಡು ಬಂದ್ರಿ, ನಾ ಹುಣಸಿಹುಳಿ ಕಲಸಿಕೊಂಡು ಕುಂತೆ. ಇಷ್ಟೇ ಫರಕು."

ಮೌಲಾ ಉಳಿಗಳತ್ತ ಒಂದು ಹೆಜ್ಜೆ ಇಟ್ಟ.

"ನೋಡ್ರಿ ಈ ಕೈ." ಅವ್ವ ಎರಡೂ ಅಂಗೈ ಚಾಚಿದಳು. ಹುಳಿ ನೀರಿಗೆ ಚರ್ಮ ಸುಲಿದಿತ್ತು, ಉಗುರಿನ ಸಂದಿಯಲ್ಲಿ ತುಕ್ಕು ಕೂತಿತ್ತು. "ಇಷ್ಟು ತಿಕ್ಕಿದ್ದು ಗುಜರಿಗೆ ಹಾಕಾಕಲ್ಲ. ತಂದಾಕಿ ರಾಜಾಬಿ, ಆಕಿ ಕೈಯಾಗೇ ಕೊಡ್ತೀನಿ. ನಿಮ್ಮವು ಅಂತೀರಲ್ಲ, ತಗೊಳ್ರಿ, ಈ ರಂದಾ ಹಿಡಿದು ಆ ಹಲಗಿ ಹೆರದು ನೋಡ್ರಿ. ಆಮ್ಯಾಲೂ ಗುಜರಿಗೆ ಹಾಕಾಕ ಮನಸು ಬಂದ್ರ ಒಯ್ಯಿರಿ."

ಮೌಲಾ ಸಿಟ್ಟಿನಿಂದಲೇ ರಂದಾ ಕಸಿದುಕೊಂಡ. ಅಪ್ಪನ ಮಣೆಯ ಮೇಲೆ ಒಂದು ಸಾಗವಾನಿ ಹಲಗೆ ಇತ್ತು. ಮೊದಲ ಸಲ ಸ್ಟೇರಿಂಗಿಗೆ ಒಗ್ಗಿದ ಕೈ ತಡವರಿಸಿತು, ರಂದಾ ಹಾರಿತು. ಎರಡನೆಯ ಸಲ ಅವನು ಕಾಲು ಹಿಂದಿಟ್ಟು, ಬೆನ್ನು ಬಗ್ಗಿಸಿ ನಿಂತ. ಆ ನಿಲುವು ನೋಡಿದರೇ ಅವನು ಒಳ್ಳೆಯ ಬಡಿಗನಾಗಿದ್ದನೆಂದು ತಿಳಿಯುತ್ತಿತ್ತು. ಸರ್ರೆಂದು ಹೆರಕಲು ಎದ್ದು, ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದೆ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಸುರುಳಿಯಾಗಿ ಬಿತ್ತು. ಮೌಲಾ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಅಪ್ಪನ ಕಡೆ ನೋಡದೆ ಅವ್ವನನ್ನೇ ಕೇಳಿದ:

"ಅಲಗು ಮಸೆದದ್ದು ಯಾರು?"

"ನಾನು."

ಹೊರಗೆ ಲಾರಿ ಗುರುಗುಟ್ಟುತ್ತಲೇ ಇತ್ತು. ಮೌಲಾ ರಂದಾದ ಹೊಟ್ಟೆಗೆ ಸಿಕ್ಕಿದ್ದ ಹೆರಕಲನ್ನು ಬೆರಳಿನಿಂದ ತೆಗೆದು, ಅದನ್ನು ಪಕ್ಕಕ್ಕೆ ಮಲಗಿಸಿಟ್ಟ. "ಆಕಿಗೇ ಕೊಡು, ಅಕ್ಕಾ" ಅಂದ. ಅವ್ವ ಚಹಾ ಮಾಡಿದಳು. ಅದರಲ್ಲಿ ಸಕ್ಕರೆ ಇತ್ತು.

ಆ ಹತ್ಯಾರಗಳನ್ನು ಸಿರುಗುಪ್ಪಕ್ಕೆ ಮುಟ್ಟಿಸಲು ಅವ್ವ ತಾನೇ ಹೊರಟಳು, ನನ್ನನ್ನೂ ಕರೆದುಕೊಂಡಳು. ಅಪ್ಪ ಬರುತ್ತೇನೆಂದರೆ ಬೇಡ ಅಂದಳು. ಅಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ. ರಾಜಾಬಿ ತನ್ನ ಮನೆಯ ಅಂಗಳದಲ್ಲಿ ಗಂಟು ಬಿಚ್ಚಿ, ಒಂದೊಂದನ್ನೂ ತೆಗೆದು ಸಾಲಾಗಿ ಇಟ್ಟಳು. ಅವ್ವ ತಡೆಯಲಾರದೆ, ಇದನ್ನು ಹೀಗೆ ಇಡಬೇಡ, ಬಾಯಿಗೆ ಪೆಟ್ಟಾಗುತ್ತದೆ; ಆ ರಂದಾಕ್ಕೆ ವಾರಕ್ಕೊಮ್ಮೆ ಎಣ್ಣೆ ಒರೆಸು; ಆ ಸಣ್ಣ ಉಳಿಯ ಹದ ಹೊಸದು, ಜೋರಾಗಿ ಬಡಿಯಬೇಡ ಅಂತ ಒಂದೇ ಸಮನೆ ಹೇಳುತ್ತಿದ್ದಳು. ಸೊಸೆಗೆ ಮಗನನ್ನು ಒಪ್ಪಿಸುವ ಅತ್ತೆಯಂತಿದ್ದಳು. ಇಬ್ಬರೂ ಗೆಳತಿಯರಾದರು ಅಂತ ಬರೆಯಲು ನನಗೆ ಆಸೆ, ಆದರೆ ಹಾಗಾಗಲಿಲ್ಲ. ಕೊನೆಯವರೆಗೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದಲೇ ನೋಡಿದರು. ರಾಜಾಬಿ ಮಾಡಿದ ಕೊಣಮಿಗೆ, ಮಣೆಗಳು ಸಿರುಗುಪ್ಪದ ಸುತ್ತ ಹೆಸರಾದವು. ಗಣಿಗಳು ನಿಂತು ಮೌಲಾ ಮನೆಗೆ ಬಂದಾಗ, ಅವಳು ಅವನಿಗೆ ಮೊದಲ ವರ್ಷ ಬಾಚಿಯನ್ನಷ್ಟೇ ಮುಟ್ಟಲು ಬಿಟ್ಟಳಂತೆ.

ತಿರುಗಿ ಬರುವಾಗ ಬಸ್ಸು ಕುರುಗೋಡಿನಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸಿಗೆ ಕಾಯುತ್ತ ಬಂಡೆಗುಡ್ಡದ ನೆರಳಿನಲ್ಲಿ ಕೂತಿದ್ದೆವು. ಅವ್ವ ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕುತ್ತ, ನನ್ನ ಮುಖ ನೋಡದೆಯೇ ಕೇಳಿದಳು:

"ನನ್ನ ಕಂಡ್ರ ನಿನಗ ಹೊಟ್ಟಿಕಿಚ್ಚು. ಹೌದಿಲ್ಲೋ?"

ನಾನು ಅಂಗೈಯಲ್ಲಿದ್ದ ಕಾಳುಗಳನ್ನು ಎಣಿಸತೊಡಗಿದೆ.

"ಹೊಸ್ತಿಲ ಮ್ಯಾಲ ಕುಂತು ನುಂಗುವಂಗ ನೋಡ್ತಿದ್ದೆಲ್ಲ, ನನಗೇನು ಕಣ್ಣಿಲ್ಲೇನು? ಇರಲಿ ಬಿಡು. ಅದು ಹೋಗ್ಲಿ ಅಂದ್ರ ಹೋಗೋದಲ್ಲ. ಆದ್ರ ಅದನ್ನ ಸುಮ್ಮ ಕುಂದ್ರಸಬ್ಯಾಡ. ಕೈಗೇನಾರ ಕೆಲಸ ಕೊಡು."

ಮರುದಿನ ಅವ್ವ ಪಡಸಾಲೆಯ ಈ ತುದಿಗೆ ಬರಬೇಕಾದ ಕಾರಣವೇ ಇರಲಿಲ್ಲ. ರಾಜಾಬಿಯ ಹತ್ಯಾರ ಹೋಗಿಯಾಗಿತ್ತು. ಆದರೂ ಅಡುಗೆ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ಬಂದು ಅದೇ ಎಡಗಡೆ ಕೂತಳು, ಯಾರದೋ ತುಕ್ಕು ಹಿಡಿದ ಬಾಚಿಯನ್ನು ಬೋಗುಣಿಗೆ ಹಾಕಿದಳು. ಅಪ್ಪನೂ ಅದು ಮೊದಲಿನಿಂದ ಹಾಗೇ ಇದ್ದದ್ದೇನೋ ಎಂಬಂತೆ ಸರಿದು ಜಾಗ ಕೊಟ್ಟ. ಆ ಜಾಗ ಇನ್ನು ನನಗಿಲ್ಲ ಅನ್ನುವುದು ಸ್ಪಷ್ಟವಾಯಿತು. ನಾನು ಮೂಲೆಯಲ್ಲಿ ಒರಗಿಸಿಟ್ಟಿದ್ದ ಹಳೆಯ ಗರಗಸವೊಂದನ್ನು ತಂದು ಅಪ್ಪನ ಎದುರಿಗೆ ಕೂತೆ. ಗರಗಸದ ಹಲ್ಲು ತೀಡುವ ಕೆಲಸವನ್ನು ಅಪ್ಪ ಯಾರಿಗೂ ಬಿಡುತ್ತಿರಲಿಲ್ಲ. ಅವ್ವ ಒಮ್ಮೆ ಕೇಳಿದಾಗಲೂ, ಅದಕ್ಕೆ ಚುರುಕು ಕಣ್ಣು, ಸಣ್ಣ ಬೆರಳು ಬೇಕು, ನಿನ್ನಿಂದ ಆಗದು ಅಂದಿದ್ದ.

"ಇದನ್ನ ನನಗ ಕಲಿಸು," ಅಂದೆ.

ಅಪ್ಪ ನನ್ನ ಬೆರಳುಗಳನ್ನು ನೋಡಿದ. ಮೂರು ಮೂಲೆಯ ಸಣ್ಣ ಅರವನ್ನು ಕೈಗೆ ಕೊಟ್ಟು, ಹಿಂದಿನಿಂದ ಬಂದು ನನ್ನ ಕೈಯ ಮೇಲೆ ಕೈಯಿಟ್ಟು ಮೊದಲ ಹಲ್ಲು ತೀಡಿಸಿದ. ಒಂದು ಹಲ್ಲು ಬಿಟ್ಟು ಒಂದು, ಎಲ್ಲಕ್ಕೂ ಒಂದೇ ಓರೆ, ಒಂದೇ ಒತ್ತು. ಕೆಲವು ಹಲ್ಲುಗಳ ಮೇಲೆ ಅರ ಜಾರಿತು. ಆಮೇಲೆ ಜಾರಲಿಲ್ಲ. ಕರ್, ಕರ್ ಎನ್ನುವ ಸದ್ದು ಒಂದು ಹದಕ್ಕೆ ಬಂತು, ಹೊಸ ಉಕ್ಕು ಹಲ್ಲು ಹಲ್ಲಿಗೂ ಮಿಣುಕಿತು. ಅಪ್ಪ ಕೈ ತೆಗೆದ. ನಾನೊಬ್ಬಳೇ ತೀಡುತ್ತಿದ್ದೆ.

"ಆಹಾ," ಅಂದ ಅಪ್ಪ.

ತಲೆಯೆತ್ತಿದೆ. ಅವ್ವ ಬೋಗುಣಿಯಲ್ಲಿ ಕೈಯಿಟ್ಟುಕೊಂಡು, ತಿಕ್ಕುವುದನ್ನು ಮರೆತು, ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಹೊಸ್ತಿಲ ಮೇಲೆ ಅಷ್ಟು ದಿನ ಕೂತಿದ್ದ ನನಗೆ ಆ ನೋಟ ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ತಲೆ ಬಗ್ಗಿಸಿ, ಮುಂದಿನ ಹಲ್ಲನ್ನು ಇನ್ನೂ ನಿಧಾನವಾಗಿ, ಇನ್ನೂ ಚೆನ್ನಾಗಿ ತೀಡಿದೆ.